ಕುರಿ ದಲ್ಲಾಳಿಯ ದವಡೆ

ಸಿರಿಂಜಿಗೆ ಮದ್ದು ಎಳೆದುಕೊಂಡು ತಿರುಗುವಷ್ಟರಲ್ಲಿ ಕುರ್ಚಿಯಲ್ಲಿದ್ದ ರೋಗಿ ನಿದ್ದೆ ಹೋಗಿದ್ದ.

ಹಲ್ಲು ಕೀಳಿಸಿಕೊಳ್ಳಲು ಬಂದವರು ಬೆವರುವುದನ್ನು ನೋಡಿದ್ದೆ, ದೇವರನ್ನು ನೆನೆಯುವುದನ್ನು ನೋಡಿದ್ದೆ. ಒಬ್ಬಿಬ್ಬರು ಎದ್ದು ಓಡಿದ್ದೂ ಉಂಟು. ನಿದ್ದೆ ಮಾಡಿದವರನ್ನು ಕಂಡಿರಲಿಲ್ಲ. ಎಪ್ಪತ್ತೆಂಟನೇ ಇಸವಿ, ಜನವರಿ ತಿಂಗಳು, ಹಿರಿಯೂರಿನ ಆಸ್ಪತ್ರೆ. ಚಿತ್ರದುರ್ಗದ ಆಸ್ಪತ್ರೆಯಲ್ಲಿ ದಂತವೈದ್ಯನಾಗಿ ಸೇರಿ ನನಗಿನ್ನೂ ವರ್ಷ ತುಂಬಿರಲಿಲ್ಲ. ವಾರದಲ್ಲಿ ಒಂದು ದಿನ ಹಿರಿಯೂರು, ಒಂದು ದಿನ ಹೊಸದುರ್ಗ, ಒಂದು ದಿನ ಹೊಳಲ್ಕೆರೆ. ಇಕ್ಕಳಗಳ ಕಬ್ಬಿಣದ ಟ್ರಂಕನ್ನು ಬಸ್ಸಿನ ಮೇಲೆ ಹಾಕಿಸಿಕೊಂಡು ಹೋಗಿ, ಕಿತ್ತ ಹಲ್ಲುಗಳ ಲೆಕ್ಕವನ್ನು ದಿನಚರಿಯಲ್ಲಿ ಬರೆದು ಮಲಗುವುದು. ಬರೆಯಲು ಬೇರೆ ಹೆಚ್ಚೇನೂ ಇರುತ್ತಿರಲಿಲ್ಲ.

ಮೊದಲು ಗೊರಕೆ ಕೇಳಿತು, ಕಿಟಕಿಯ ಗಾಜು ಅದುರುವಂಥದು. ಆಮೇಲೆ ಥಟ್ಟನೆ ಏನೂ ಇಲ್ಲ. ಎದೆ ಎದ್ದೆದ್ದು ಬೀಳುತ್ತಿದೆ, ಹೊಟ್ಟೆ ಒಳಕ್ಕೆ ಎಳೆದುಕೊಳ್ಳುತ್ತಿದೆ, ಆದರೆ ಮೂಗಿನಲ್ಲೂ ಗಾಳಿಯಿಲ್ಲ, ಬಾಯಲ್ಲೂ ಇಲ್ಲ. ತುಟಿಯ ಬಣ್ಣ ಬದಲಾಗತೊಡಗಿತು. ನಾನು ಸಿರಿಂಜ್ ಹಿಡಿದು ನಿಂತೇ ಇದ್ದೆ.

"ಅಲುಗಿಸ್ರಿ! ಏನು ನೋಡ್ಕಂತ ನಿಂತೀರಿ, ಅಲುಗಿಸ್ರಿ!"

ಬಾಗಿಲ ಬಳಿ ಕುಳಿತಿದ್ದ ಅವನ ಹೆಂಡತಿ ಓಡಿಬಂದು ಆತನ ಕಾಲಿನ ಹೆಬ್ಬೆರಳು ಹಿಡಿದು ಜಗ್ಗಿದಳು. ನೀರಿನಲ್ಲಿ ಮುಳುಗಿದವನು ತಲೆ ಎತ್ತಿದ ಹಾಗೆ ಆತ ಒಮ್ಮೆ ಗಾಳಿ ಎಳೆದುಕೊಂಡು ಕಣ್ಣು ಬಿಟ್ಟ.

"ಕಿತ್ತಾತಾ ಡಾಕ್ಟ್ರೆ?" ಎಂದು ಕೇಳಿದ.

"ಇನ್ನೂ ಮುಟ್ಟೇ ಇಲ್ಲ," ಎಂದೆ. ಹೆಂಡತಿಯ ಕಡೆ ತಿರುಗಿ, "ದಿನಾ ಹಿಂಗೇನಮ್ಮ?" ಎಂದು ಕೇಳಿದೆ.

"ದಿನಾ ಅಲ್ರೀ, ಗಳಿಗೆಗೊಂದು ಸತಿ." ಆಕೆ ಬಲಗೈ ಮುಂದೆ ಚಾಚಿದಳು. ಮುಂಗೈ ಸುತ್ತ ಬಳೆಯ ಹಾಗೆ ಒಂದು ಕಪ್ಪು ಗೆರೆ, ಚರ್ಮ ಗಟ್ಟಿಯಾಗಿತ್ತು. "ಕರಿ ಉಣ್ಣೆ ಹುರಿ ಒಂದು ತುದಿ ಇವ್ರ ಕಾಲಿಗೆ, ಒಂದು ತುದಿ ನನ್ ಕೈಗೆ. ಉಸಿರು ನಿಂತಾಗೆಲ್ಲ ಜಗ್ಗಬೇಕು. ಸಣ್ಣ ಮಗಳ ಮದ್ವೆ ಆದಾಗ್ಲಿಂದ ಇದೇ ಕತೆ. ಈಗ ಅವಳಿಗೆ ಎರಡು ಮಕ್ಕಳು."

ಆತ ಬಬ್ಬೂರಿನ ಆಚೆಯ ಹಳ್ಳಿಯವನು, ಕುರಿ ದಲ್ಲಾಳಿ. ಐವತ್ತರ ಆಸುಪಾಸು. ದಪ್ಪ ಕುತ್ತಿಗೆ, ಹಿಂದಕ್ಕೆ ಸರಿದ ಚಿಕ್ಕ ಕೆಳದವಡೆ. ಎಲ್ಲ ಹಲ್ಲನ್ನೂ ಕೀಳಿಸಿಕೊಳ್ಳಲು ಬಂದಿದ್ದ. ಹಲ್ಲು ಹೋದರೆ ನಾಲಿಗೆಗೆ ಜಾಗ ಆಗುತ್ತದೆ, ಉಸಿರು ಸಲೀಸಾಗುತ್ತದೆ ಎಂದು ಯಾರೋ ಹೇಳಿದ್ದರಂತೆ. ಬಾಯಿ ನೋಡಿದೆ. ಕೆಳಗಿನ ಮುಂದಿನ ಎರಡು ಹಲ್ಲು ಸ್ವಲ್ಪ ಅಲುಗಾಡುತ್ತಿದ್ದವು, ಉಳಿದವು ಭದ್ರ.

"ಇಷ್ಟು ಒಳ್ಳೆ ಹಲ್ಲು ಯಾಕೆ ಕೀಳಿಸ್ತೀರಿ ಯಜಮಾನ್ರೆ?"

"ಹಲ್ಲಿದ್ದು ಏನು ಮಾಡಾದು ಸ್ವಾಮಿ, ಕೈಯೇ ಹೋತು," ಎಂದು ತನ್ನ ಬಲಗೈ ನೋಡಿಕೊಂಡ.

ಕೈಯ ಕತೆ ಹೀಗೆ. ಅವರ ಸಂತೆಯಲ್ಲಿ ಕುರಿಯ ಬೆಲೆಯನ್ನು ಬಾಯಲ್ಲಿ ಆಡುವುದಿಲ್ಲ. ಕುರಿ ಸಾಕಿದವನ ಪರವಾಗಿ ದಲ್ಲಾಳಿ, ಎದುರಿಗೆ ಕೊಳ್ಳುವವನು. ಇಬ್ಬರ ಕೈಯ ಮೇಲೆ ಒಂದು ಟವಲು. ಟವಲಿನ ಕೆಳಗೆ ಬೆರಳು ಹಿಡಿದು ಬೆಲೆ ಹೇಳುತ್ತಾರೆ. ಒಪ್ಪದಿದ್ದರೆ ಕೈ ಕೊಡವಿ ಬಿಡಿಸಿಕೊಳ್ಳಬೇಕು. ಬಿಡಿಸಿಕೊಳ್ಳದೆ ಹಿಡಿದೇ ಇದ್ದರೆ ವ್ಯಾಪಾರ ಕುದುರಿದ ಹಾಗೆ, ಆಮೇಲೆ ಮಾತಿಲ್ಲ. ದೀಪಾವಳಿಯ ನಂತರದ ಒಂದು ಸಂತೆಯಲ್ಲಿ ಟವಲಿನ ಕೆಳಗೆ ಕೈ ಇಟ್ಟುಕೊಂಡೇ ಈತ ನಿದ್ದೆ ಹೋಗಿದ್ದ. ಕೊಳ್ಳುವವನು ಅರ್ಧ ಬೆಲೆಯ ಬೆರಳು ಹಿಡಿದ. ಈತನ ಕೈ ಅಲ್ಲೇ ಇತ್ತು. ಒಬ್ಬ ಕುರಿಗಾಹಿಯ ಇಡೀ ಮಂದೆ ಹಾಗೆ ಹೋಯಿತು.

"ನಿದ್ದೆ ಬಂತು ಅಂದ್ರೆ ಯಾರು ನಂಬ್ತಾರೆ? ಕುಡ್ದಿದ್ದ ಅಂದ್ರು. ಇಲ್ಲ, ಲಂಚ ತಿಂದು ಸುಳ್ಳು ನಿದ್ದೆ ಮಾಡ್ದ ಅಂದ್ರು. ನಮ್ಮಪ್ಪನ ಕಾಲದಿಂದ ಆ ಟವಲ್ಲಿನ ಕೆಳಗೆ ನಮ್ ಮನೆ ಕೈ ಐತೆ ಸ್ವಾಮಿ."

ಕುರಿಗಾಹಿಗಳ ಹಿರಿಯರು ಸೇರಿ ಅವನ ಟವಲನ್ನು ತೆಗೆದಿಟ್ಟುಕೊಂಡಿದ್ದರು. ಯುಗಾದಿ ಆದ ಮೇಲಿನ ಮೊದಲ ಸಂತೆಯಲ್ಲಿ, ಎಲ್ಲರ ಎದುರಿಗೆ, ಒಂದು ವ್ಯಾಪಾರ ಮಾಡಿ ತೋರಿಸಬೇಕು. ಅಂದೂ ಕೈ ಮಲಗಿದರೆ ಮತ್ತೆ ಸಂತೆಗೆ ಕಾಲಿಡುವಂತಿಲ್ಲ.

ನಾನು ಹಲ್ಲು ಕೀಳಲಿಲ್ಲ. ಆ ದಿನದ ಮಟ್ಟಿಗೆ ಅದು ತೀರ್ಮಾನವೇನಲ್ಲ, ಭಯ. ಇಂಥವನಿಗೆ ಕುರ್ಚಿಯಲ್ಲೇ ಏನಾದರೂ ಆದರೆ? ಚಿತ್ರದುರ್ಗಕ್ಕೆ ಬರಹೇಳಿ, ನಮ್ಮ ಸರ್ಜನ್ ಮುಂದೆ ಕೂರಿಸಿದೆ.

ಸರ್ಜನ್ ಹಿರಿಯರು, ಓದಿಕೊಂಡವರು. ರಕ್ತದೊತ್ತಡ ನೋಡಿದರು, ಕಾಲಿನ ಬಾವು ಒತ್ತಿ ನೋಡಿದರು. ನಿದ್ದೆಯಲ್ಲಿ ಗಂಟಲು ಮುಚ್ಚಿಕೊಳ್ಳುವ ಈ ಕಾಯಿಲೆಯ ಬಗ್ಗೆ ಹೊರದೇಶದ ಪತ್ರಿಕೆಯೊಂದರಲ್ಲಿ ಓದಿದ್ದೇನೆ ಎಂದರು. ಮದ್ದು ಒಂದೇ: ಕುತ್ತಿಗೆಯ ಮುಂಭಾಗದಲ್ಲಿ ಶ್ವಾಸನಾಳಕ್ಕೆ ತೂತು ಮಾಡಿ ನಳಿಗೆ ಇಡುವುದು. ಹಗಲು ಬಿರಡೆ ಹಾಕುವುದು, ರಾತ್ರಿ ತೆಗೆಯುವುದು. ಹೀಗೇ ಬಿಟ್ಟರೆ ಹೃದಯ ಸೋಲುತ್ತದೆ.

ದಲ್ಲಾಳಿ ಎಲ್ಲ ಕೇಳಿಸಿಕೊಂಡು ಕುತ್ತಿಗೆ ಸವರಿಕೊಂಡ. "ಕುರಿ ಕುಯ್ಯೋರ ಜೊತೆ ವ್ಯಾಪಾರ ಮಾಡಿ ಮಾಡಿ ಕಡೀಗೆ ನನ್ ಕುತ್ತಿಗೆನೇ ಕೊಡಂಗಾತು."

"ಸುಮ್ಕಿರ್ರಿ, ಎಲ್ಲಾದ್ರಾಗೂ ತಮಾಷೆ," ಎಂದು ಹೆಂಡತಿ ಗದರಿದಳು. ಆಮೇಲೆ ಸರ್ಜನ್ನರಿಗೆ, "ಹಟ್ಟಿಯಾಗೆ ಧೂಳು, ಉಣ್ಣೆ, ಹಿಕ್ಕೆ. ಆ ತೂತಿನಾಗೆ ಹೋಗಲ್ವಾ?" ಎಂದು ಕೇಳಿದಳು.

ಸರ್ಜನ್ ಹೌದೆಂದು ತಲೆಯಾಡಿಸಿದರು. ಹೋಗುತ್ತದೆ ಎಂದು ಅವರಿಗೂ ಗೊತ್ತಿತ್ತು.

ಮೂರು ಬಾಗಿಲು, ಮೂರೂ ಮುಚ್ಚಿದ್ದವು. ತೂತು ಮಾಡಿಸಿದರೆ ಕುರಿಯ ಧೂಳಿನಲ್ಲಿ ಬದುಕಲಾಗದು. ಮಾಡಿಸದಿದ್ದರೆ ಹೃದಯ ಉಳಿಯದು. ಹಲ್ಲು ಕೀಳುವುದು ನನ್ನ ಕೈಯಲ್ಲಿದ್ದ ಒಂದೇ ಕೆಲಸ, ಅದು ಉಪಯೋಗಕ್ಕೆ ಬಾರದ್ದು ಎಂದು ನನ್ನ ಅನುಮಾನ. ದವಡೆಯ ಮೂಳೆ ಕತ್ತರಿಸಿ ಮುಂದೆ ಕೂರಿಸುವ ಶಸ್ತ್ರಚಿಕಿತ್ಸೆಯೊಂದಿದೆ ಎಂದು ಕಾಲೇಜಿನಲ್ಲಿ ಓದಿದ್ದೆ. ಅದು ನಮ್ಮ ಕೈಗೆ ಎಟುಕುವ ಮಾತಲ್ಲ.

ಅಂದು ಮಧ್ಯಾಹ್ನ ಬಸ್ಸಿಗೆ ಕಾಯುತ್ತ ಆತ ಆಸ್ಪತ್ರೆಯ ಜಗಲಿಯ ಬೆಂಚಿನ ಮೇಲೆ ಮಲಗಿಬಿಟ್ಟ. ನಾನು ದಿನಚರಿ ಬಿಚ್ಚಿಕೊಂಡು ಪಕ್ಕದಲ್ಲಿ ಕುಳಿತೆ. ಉಸಿರು ನಿಂತಾಗಲೆಲ್ಲ ಒಂದು ಗೀಟು, ಐದನೆಯದು ಅಡ್ಡಗೀಟು. ಅರ್ಧ ಗಂಟೆಯಲ್ಲಿ ಹದಿನೆಂಟು ಗೀಟಾದವು. ಹೆಂಡತಿ ಹೆಬ್ಬೆರಳು ಜಗ್ಗಲು ಬಾಗಿದಾಗ, "ಸ್ವಲ್ಪ ತಡೀರಿ," ಎಂದೆ. ಆಪರೇಷನ್ ಮಾಡುವಾಗ ಅರಿವಳಿಕೆ ಕೊಡುವವರು ಪ್ರಜ್ಞೆ ತಪ್ಪಿದ ರೋಗಿಯ ದವಡೆಯನ್ನು ಮುಂದಕ್ಕೆ ಎತ್ತಿ ಹಿಡಿಯುವುದನ್ನು ನೋಡಿದ್ದೆ. ನಾಲಿಗೆ ದವಡೆಗೆ ಅಂಟಿಕೊಂಡಿದೆ; ದವಡೆ ಬಂದರೆ ನಾಲಿಗೆಯೂ ಗಂಟಲು ಬಿಟ್ಟು ಬರುತ್ತದೆ. ಕಿವಿಯ ಕೆಳಗೆ ದವಡೆಯ ಮೂಲೆಗೆ ಎರಡೂ ಕೈಯ ಬೆರಳಿಟ್ಟು ಮುಂದಕ್ಕೆ ತಳ್ಳಿದೆ.

ಉಸಿರು ಬಂತು. ಗೊರಕೆ ಕೂಡ ಇಲ್ಲದ ಉಸಿರು. ಬಿಟ್ಟೆ, ನಿಂತಿತು. ತಳ್ಳಿದೆ, ಬಂತು. ಆತ ಎಚ್ಚರವಾಗಲಿಲ್ಲ.

"ಹಿಂಗೇ ಹಿಡ್ಕಂಡಿರ್ರಿ," ಎಂದಳು ಆಕೆ ಮೆಲ್ಲಗೆ. "ಒಂದು ಗಳಿಗೆ ಮಲಗ್ಲಿ."

ಬಸ್ಸು ಬರುವವರೆಗೂ ಹಿಡಿದುಕೊಂಡೇ ಇದ್ದೆ. ಬೆರಳು ಜೋಮು ಹಿಡಿದಿದ್ದವು. ರಾತ್ರಿಯಿಡೀ ಹೀಗೆ ಹಿಡಿದುಕೊಳ್ಳುವ ಒಂದು ವಸ್ತು ಬೇಕು, ಅಷ್ಟೆ. ಹಿಡಿಯಲು ಹಿಡಿಕೆ ಯಾವುದು? ಹಲ್ಲು. ನಾನು ಕಿತ್ತುಹಾಕಲು ಹೊರಟಿದ್ದ ಹಲ್ಲುಗಳೇ.

ದವಡೆ ಹಿಂದಿರುವ ಮಕ್ಕಳಿಗೆ ಮೇಲಿನ ಹಲ್ಲು, ಕೆಳಗಿನ ಹಲ್ಲು ಎರಡನ್ನೂ ಒಟ್ಟಿಗೆ ಕಚ್ಚಿ ಹಿಡಿಯುವ ಅಕ್ರಿಲಿಕ್ ಕಟ್ಟನ್ನು ಕಾಲೇಜಿನಲ್ಲಿ ಮಾಡಿದ್ದೆವು. ಸಣ್ಣ ದವಡೆಯಿಂದಾಗಿ ಉಸಿರುಕಟ್ಟುವ ಹಸುಗೂಸುಗಳಿಗೂ ಅಂಥದನ್ನು ಇಡುತ್ತಿದ್ದರು ಎಂದು ಮೇಷ್ಟರೊಬ್ಬರು ಹೇಳಿದ್ದು ನೆನಪಿತ್ತು. ದೊಡ್ಡವರಿಗೆ ಮಾಡಿದ್ದನ್ನು ನಾನು ಕೇಳಿರಲಿಲ್ಲ. ಸರ್ಜನ್ನರಿಗೆ ಹೇಳಿದೆ.

"ಮಾಡಿ ನೋಡಯ್ಯ," ಎಂದರು. "ಆದರೆ ಯುಗಾದಿಯ ಹೊತ್ತಿಗೆ ಸರಿಹೋಗದಿದ್ದರೆ ನನ್ನ ಟೇಬಲ್ಲಿಗೆ ಕರೆತರಬೇಕು. ಆಟ ಆಡಿಕೊಂಡು ಹೆಣ ಮಾಡಬೇಡ."

ಹಲ್ಲಿನ ಅಚ್ಚು ತೆಗೆಯುವುದೇ ಒಂದು ಪಾಡಾಯಿತು. ಬಿಸಿ ನೀರಿನಲ್ಲಿ ಮೆತ್ತಗಾದ ಅಚ್ಚಿನ ಮೇಣವನ್ನು ಬಾಯಿಗಿಟ್ಟು ಅದು ಗಟ್ಟಿಯಾಗುವವರೆಗೆ ಕಾಯಬೇಕು. ಆತ ಅಷ್ಟರಲ್ಲಿ ನಿದ್ದೆ ಹೋಗುತ್ತಿದ್ದ. ಹೆಂಡತಿ ಪಕ್ಕದಲ್ಲಿ ನಿಂತು ಚಿವುಟುತ್ತಿದ್ದಳು. ಅಚ್ಚಿಗೆ ಪ್ಲಾಸ್ಟರ್ ಸುರಿದು ಹಿರಿಯೂರಿನಿಂದ ದುರ್ಗಕ್ಕೆ ತರುವಾಗ ಬಸ್ಸಿನ ಕುಲುಕಾಟಕ್ಕೆ ಪ್ಲಾಸ್ಟರಿನ ಕೆಳದವಡೆ ಎರಡು ತುಂಡಾಯಿತು. ಮತ್ತೆ ಅಚ್ಚು ತೆಗೆದೆ. ಈ ಸಲ ಹತ್ತಿಯಲ್ಲಿ ಸುತ್ತಿ ತೊಡೆಯ ಮೇಲಿಟ್ಟುಕೊಂಡು ತಂದೆ. ಪಕ್ಕದ ಸೀಟಿನವನು ಇಣುಕಿ ನೋಡಿ, "ಯಾರದಪ್ಪ ಇದು?" ಎಂದು ಜಾಗ ಬಿಟ್ಟು ಸರಿದು ಕುಳಿತ.

ದವಡೆ ಎಷ್ಟು ಮುಂದೆ ಬರಬೇಕು ಎಂಬುದನ್ನು ಮೆತ್ತನೆಯ ಮೇಣದ ಪಟ್ಟಿ ಕಚ್ಚಿಸಿ ಗುರುತು ಮಾಡಬೇಕು. ಎಷ್ಟು ಬರುತ್ತದೋ ಅಷ್ಟೂ ಬರಲಿ ಎಂದು ಪೂರ್ತಿ ಎಳೆಸಿದೆ. "ನೋವಾ?" ಎಂದೆ. ಬಾಯಲ್ಲಿ ಮೇಣ, ಆತ ಇಲ್ಲವೆಂದು ತಲೆ ಅಲ್ಲಾಡಿಸಿದ. ಅಷ್ಟಕ್ಕೇ ಮುಗಿಸಿದೆ. ಅಕ್ರಿಲಿಕ್ಕನ್ನು ಹಿತ್ತಾಳೆಯ ಅಚ್ಚುಡಬ್ಬಿಯಲ್ಲಿ ಅಮುಕಿ ಸೀಮೆಎಣ್ಣೆ ಸ್ಟೌವಿನ ಮೇಲೆ ಬೇಯಿಸಿ, ಉಜ್ಜಿ ನಯ ಮಾಡಿ ಕೊಟ್ಟೆ.

ಮುಂದಿನ ವಾರ ಆತ ಬಂದಾಗ ಕೆನ್ನೆ ಊದಿತ್ತು. ಕಟ್ಟು ಹೆಂಡತಿಯ ಸೆರಗಿನ ಗಂಟಿನಲ್ಲಿತ್ತು.

"ಗೋಣಿಚೀಲದಾಗೆ ಹಾಕಿ ಬಾಯಿ ಹೊಲ್ದಂಗೆ ಆಗ್ತೈತೆ ಡಾಕ್ಟ್ರೆ," ಎಂದ. "ಮುದ್ದೆ ಹೆಂಗೋ ನುಂಗಬೌದು, ರೊಟ್ಟಿ ಅಗಿಯಾಕಿಲ್ಲ. ಮುಂದಿನ ಹಲ್ಲು ಜೀವ ತೆಗೀತಾವೆ."

"ನಡುರಾತ್ರಿ ಕಿತ್ತು ಗೋಡೆಗೆ ಎಸೆದ್ರು," ಎಂದಳು ಆಕೆ. "ನಾಯಿ ಬೊಗಳ್ತು."

ಟಾರ್ಚ್ ಹಾಕಿ ನೋಡಿದೆ. ಉಣ್ಣೆಯ ಧೂಳಿಗೆ ಆತನ ಮೂಗು ಯಾವಾಗಲೂ ಕಟ್ಟಿರುತ್ತಿತ್ತು. ಬಾಯಿಂದಲೇ ಉಸಿರು. ಆ ಬಾಯನ್ನೇ ನಾನು ತುಂಬಿಬಿಟ್ಟಿದ್ದೆ. ಪೂರ್ತಿ ಎಳೆಸಿದ್ದರಿಂದ ದವಡೆಯ ಕೀಲು ಬಾತಿತ್ತು, ಭಾರವೆಲ್ಲ ಅಲುಗಾಡುವ ಎರಡು ಹಲ್ಲಿನ ಮೇಲೆ ಬಿದ್ದಿತ್ತು.

"ಸಾಕು ಸ್ವಾಮಿ. ಹಲ್ಲು ಕಿತ್ತಾಕ್ರಿ. ಇಲ್ಲ, ಕುತ್ತಿಗೆ ಕುಯ್ಸಿ. ಏನೋ ಒಂದು ಮಾಡ್ರಿ."

ಸರ್ಜನ್ ಅಂದು ಬೆಳಿಗ್ಗೆಯೇ ನೆನಪಿಸಿದ್ದರು. ಯುಗಾದಿಗೆ ಉಳಿದಿದ್ದು ಕೆಲವೇ ವಾರ. ಇಕ್ಕಳ ಕುದಿಸಿ ತಟ್ಟೆಯಲ್ಲಿ ಇಟ್ಟಾಗಿತ್ತು. ಕಿತ್ತರೆ ರೋಗಿ ಸಂತೋಷವಾಗಿ ಹೋಗುತ್ತಾನೆ, ನನ್ನ ಲೆಕ್ಕಕ್ಕೂ ಒಂದಿಷ್ಟು ಹಲ್ಲು ಸೇರುತ್ತವೆ, ಯಾರೂ ಏನೂ ಅನ್ನುವುದಿಲ್ಲ. ಆದರೆ ಒಮ್ಮೆ ಕಿತ್ತ ಮೇಲೆ ದವಡೆಗೆ ಹಿಡಿಕೆಯೇ ಇರುವುದಿಲ್ಲ. ಆಮೇಲೆ ಉಳಿಯುವುದು ಕುತ್ತಿಗೆಯ ತೂತು ಮಾತ್ರ. ತಟ್ಟೆಗೆ ಬಟ್ಟೆ ಮುಚ್ಚಿ ಪಕ್ಕಕ್ಕೆ ಸರಿಸಿದೆ.

"ಹಲ್ಲು ಕೀಳಲ್ಲ ಯಜಮಾನ್ರೆ. ಇನ್ನೊಂದು ಸಲ ಮೇಣ ಕಚ್ಚಿ. ತಪ್ಪು ಎಲ್ಲಾಯ್ತು ಅಂತ ಗೊತ್ತಾಗಿದೆ. ಆದರೆ ಎಲ್ಲಿ ನೋವು ಶುರುವಾಗುತ್ತೆ ಅನ್ನೋದು ನಿಮಗೆ ಮಾತ್ರ ಗೊತ್ತು. ಬಾಯಲ್ಲಿ ಮೇಣ ಇದ್ದಾಗ ನೀವು ಹೇಳೋದು ಹೆಂಗೆ?"

ತಲೆ ಅಲ್ಲಾಡಿಸಿದರೆ ದವಡೆಯೂ ಅಲ್ಲಾಡುತ್ತದೆ. ಅದು ನನ್ನ ಮುಖ್ಯ ತೊಂದರೆಯಾಗಿತ್ತು. ಆತ ಹೆಂಡತಿಯ ಕಡೆ ಕೈ ಚಾಚಿ, "ಆ ಚೌಕ ಕೊಡೆ," ಎಂದ. ತಲೆಗೆ ಸುತ್ತುವ ಚೌಕವನ್ನು ನನ್ನ ಎಡಗೈಯ ಮೇಲೆ ಹರಡಿ, ಕೆಳಗೆ ತನ್ನ ಕೈ ತೂರಿಸಿ ನನ್ನ ಬೆರಳು ಹಿಡಿದ.

"ಹಿಡ್ಕಂಡಿದ್ರೆ ಒಪ್ಪಿಗೆ. ಕೊಡವಿದ್ರೆ ಇಲ್ಲ. ಇನ್ನು ನಡೀರಿ. ವ್ಯಾಪಾರಕ್ಕೆ ಅವಸರ ಮಾಡಬಾರ್ದು."

ಬಲಗೈಯಿಂದ ಗದ್ದ ಹಿಡಿದು ದವಡೆಯನ್ನು ಕೂದಲೆಳೆಯಷ್ಟು ಮುಂದೆ ತಂದೆ. ನಿಲ್ಲಿಸಿದೆ. ಕೈ ಹಿಡಿದೇ ಇತ್ತು. ಇನ್ನಷ್ಟು ತಂದೆ. ಕೈ ಇತ್ತು. ಮತ್ತೆ ಸ್ವಲ್ಪ. ಮೊದಲಿಗೆ ಕೈ ಅಲುಗಲಿಲ್ಲ. ನಾನು ಮುಂದೆ ಸಾಗುವವನಿದ್ದೆ. ಆದರೆ ಸಂತೆಯ ಲೆಕ್ಕದಲ್ಲಿ ಕಾದೆ. ಸ್ವಲ್ಪ ಹೊತ್ತಿನ ಮೇಲೆ ಬೆರಳುಗಳು ಬಿಗಿಯಾದವು, ಬೆವರಿದವು, ಥಟ್ಟನೆ ಕೊಡವಿದವು. ಹೋದ ಸಲ ಒಂದು ಪ್ರಶ್ನೆ ಕೇಳಿ ಮುಗಿಸಿದ್ದೆ. ಕೀಲಿನ ನೋವು ಕೂಡಲೇ ಬರುವುದಿಲ್ಲ, ತಡವಾಗಿ ಬರುತ್ತದೆ. ಸ್ವಲ್ಪ ಹಿಂದೆ ಸರಿಸಿದೆ. ಕೈ ಬಂದು ಹಿಡಿಯಿತು, ಹಿಡಿದೇ ಇತ್ತು. ಮೇಣ ಗಟ್ಟಿಯಾಯಿತು.

ಮೇಣ ತೆಗೆದ ಮೇಲೆ ಬಾಯಿ ಒರೆಸಿಕೊಳ್ಳುತ್ತ, "ಕುದುರ್ತು," ಎಂದ. ಅಷ್ಟು ದಿನಗಳಲ್ಲಿ ಆತ ನಕ್ಕಿದ್ದು ಅಂದೇ ಮೊದಲು.

ಎರಡನೆಯ ಕಟ್ಟಿನ ಮುಂಭಾಗದಲ್ಲಿ ಕಿರುಬೆರಳು ಹೋಗುವಷ್ಟು ಅಗಲದ ಗಾಳಿಕಂಡಿ ಬಿಟ್ಟೆ. ಸಡಿಲ ಹಲ್ಲುಗಳನ್ನು ಮುಟ್ಟದಂತೆ ಅಲ್ಲಿ ಕೆರೆದು, ಭಾರವನ್ನೆಲ್ಲ ದವಡೆ ಹಲ್ಲುಗಳ ಮೇಲೆ ಹಂಚಿದೆ. ಜಗಲಿಯ ಅದೇ ಬೆಂಚಿನ ಮೇಲೆ ಮಧ್ಯಾಹ್ನ ಮಲಗಿಸಿ, ಅದೇ ಅರ್ಧ ಗಂಟೆ ಗೀಟು ಹಾಕಿದೆ. ನಾಲ್ಕು. ಸೊನ್ನೆಯಾಗಲಿಲ್ಲ. ನನಗೆ ನಿರಾಸೆಯಾಯಿತು, ಸರ್ಜನ್ನರಿಗೆ ಆಗಲಿಲ್ಲ. ಪುಟವನ್ನು ಎರಡು ಸಲ ನೋಡಿ, "ಮುಂದುವರಿಸು. ಟೇಬಲ್ಲು ಎಲ್ಲೂ ಓಡಿಹೋಗಲ್ಲ," ಎಂದರು.

ಮುಂದಿನ ಹಿರಿಯೂರಿನ ದಿನ ಆಕೆ ಒಬ್ಬಳೇ ಒಳಗೆ ಬಂದಳು. ಆಕೆಯ ಹಿಂದೆ ಬಾಗಿಲ ಕಡೆ ನೋಡಿದೆ.

"ಯಜಮಾನ್ರು?"

"ಹೊರಗೆ ಬೀಡಿ ಸೇದ್ತಾವ್ರೆ. ಕೇಳ್ರಿ ಇಲ್ಲಿ. ಮೊನ್ನೆ ಹುರಿ ಜಗ್ಗಾದು ಮರ್ತು ನಾನೇ ನಿದ್ದೆ ಹೋಗಿಬಿಟ್ಟೀನಿ. ಬೆಳಕಾಗೈತೆ! ಹುರಿ ಸುಮ್ಕೆ ಬಿದ್ದೈತೆ. ಸತ್ತೇ ಹೋದ್ರು ಅಂತ ಬಾಯಿ ಬಡ್ಕಂತ ಹೊರಗೆ ಬಂದ್ರೆ, ಹಟ್ಟಿಯಾಗೆ ನಿಂತು ಮರಿಗೆ ಸೊಪ್ಪು ಹಾಕ್ತಾವ್ರೆ. 'ಯಾಕೆ ಬಡ್ಕಂತಿ' ಅಂತ ನನ್ನೇ ಬಯ್ದ್ರು."

ಬೆಳಿಗ್ಗೆ ಎದ್ದಾಗ ಹಲ್ಲಿಗೆ ಹಲ್ಲು ಕೂಡುತ್ತಿರಲಿಲ್ಲವಂತೆ, ಬಿಸಿಲೇರಿದ ಮೇಲೆ ಸರಿಹೋಗುತ್ತಿತ್ತಂತೆ. ಅದು ಪೂರ್ತಿ ಹೋಗುವುದಿಲ್ಲ ಎಂದು ಹೇಳಿದೆ. ಇದು ಕಾಯಿಲೆಯನ್ನು ವಾಸಿ ಮಾಡುವ ವಸ್ತುವಲ್ಲ, ಹಾಕಿಕೊಳ್ಳದ ರಾತ್ರಿ ಮತ್ತೆ ಅದೇ ಗತಿ ಎಂದೂ ಹೇಳಿದೆ. ಬಾಗಿಲಲ್ಲಿ ಬಂದು ನಿಂತಿದ್ದ ದಲ್ಲಾಳಿ, "ಹುರಿಯಿಂದ ಬಿಡಿಸಿ ಲಗಾಮು ಹಾಕಿದ್ರಿ ಅನ್ರಿ," ಎಂದ. ಒಡೆದರೆ ಗತಿಯೇನು ಎಂದು ಕೇಳಿದ. ಅದನ್ನು ನಾನೂ ಯೋಚಿಸಿದ್ದೆ. ಅದೇ ಪ್ಲಾಸ್ಟರ್ ದವಡೆಗಳ ಮೇಲೆ ಇನ್ನೊಂದು ಮಾಡಿಟ್ಟೆ.

ಯುಗಾದಿ ಮುಗಿದು ಮೊದಲ ಸಂತೆ. ಬೆಳಗಿನ ರೋಗಿಗಳನ್ನು ಬೇಗ ಮುಗಿಸಿ ಹೋದೆ. ಬಿಸಿಲು, ಕುರಿಗಳ ಧೂಳು. ಹೊಂಗೆ ಮರದ ಕೆಳಗೆ ಕುರಿಗಾಹಿಗಳ ಹಿರಿಯರು ಕಂಬಳಿ ಹಾಸಿಕೊಂಡು ಕುಳಿತಿದ್ದರು. ದಲ್ಲಾಳಿಯ ಹಿಂದೆ ನಿಂತಿದ್ದ ಹೆಂಡತಿಯ ಕೈಯಲ್ಲಿ ಆ ಕರಿ ಹುರಿ ಕಂಡು ನನಗೆ ಗಾಬರಿಯಾಯಿತು.

"ಸೊಂಟಕ್ಕೆ ಕಟ್ತೀನಿ, ಯಾರಿಗೂ ಕಾಣಾಕಿಲ್ಲ," ಎಂದು ಪಿಸುಗುಟ್ಟಿದಳು.

"ತೆಗಿ ಅತ್ಲಾಗೆ," ಎಂದ ಆತ.

ಹಿರಿಯನೊಬ್ಬ ಎದ್ದು, ತೆಗೆದಿಟ್ಟಿದ್ದ ಟವಲನ್ನು ಬಿಚ್ಚಿ ಇಬ್ಬರ ಕೈಯ ಮೇಲೆ ಹಾಸಿದ. ಕೊಳ್ಳುವವನು ಆಂಧ್ರದ ಕಡೆಯವನು, ಚಾಲಾಕು. ಈತನ ಕತೆ ಅವನಿಗೂ ಗೊತ್ತು. ಒಂದು ಬೆಲೆ ಹಿಡಿದು ಸುಮ್ಮನೆ ನಿಂತುಬಿಟ್ಟ. ಮಾತಿಲ್ಲ. ನೆತ್ತಿಯ ಮೇಲೆ ಬಿಸಿಲು ಸುಡುತ್ತಿತ್ತು. ಕಾಯುವುದೇ ಅವನ ವ್ಯಾಪಾರ ಎಂದು ನನಗೆ ತಿಳಿಯಿತು.

ದಲ್ಲಾಳಿಯ ತಲೆ ಸ್ವಲ್ಪ ಬಾಗಿತು. ಕಣ್ಣು ಮುಚ್ಚಿದವು.

ಸುತ್ತ ನಿಂತವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಕೆ ಹುರಿಯನ್ನು ಎರಡೂ ಕೈಯಲ್ಲಿ ಬಿಗಿಹಿಡಿದಳು. ನಾನು ಅಭ್ಯಾಸಬಲದಿಂದ ಆತನ ಎದೆಯನ್ನೇ ನೋಡುತ್ತಿದ್ದೆ. ಏರುತ್ತಿತ್ತು, ಇಳಿಯುತ್ತಿತ್ತು. ಗೊರಕೆಯಿಲ್ಲ. ಆದರೆ ಕಣ್ಣು ತೆರೆಯಲಿಲ್ಲ.

ಟವಲು ಗಾಳಿಗೆ ಹಾರಿದಂತೆ ಮೇಲೆದ್ದಿತು. ಆತ ಕೈ ಕೊಡವಿ ಹೊರಗೆಳೆದುಕೊಂಡಿದ್ದ.

"ಲೇ, ಈ ಬೆಲೆಗೆ ಬರೀ ಬಾಲ ಬರ್ತೈತೆ ಹೋಗೋ! ನಿದ್ದೆ ಮಾಡ್ತಾನೆ ಅಂತ ಕಾಯ್ಕಂಡಿದ್ಯಾ? ನಮ್ಮಪ್ಪ ಕಣ್ಣು ಮುಚ್ಕಂಡೇ ವ್ಯಾಪಾರ ಮಾಡ್ತಿದ್ದ!"

ನಗು ಎದ್ದಿತು. ಕೊಳ್ಳುವವನೂ ನಕ್ಕ. ಮತ್ತೆ ಕೈ ಟವಲಿನ ಕೆಳಗೆ ಹೋಯಿತು, ಮತ್ತೆರಡು ಸಲ ಹೊರಗೆ ಬಂತು. ಕೊನೆಗೆ ಒಳಗೇ ಉಳಿಯಿತು. ವ್ಯಾಪಾರ ಮುಗಿದ ಮೇಲೆ ಹಿರಿಯ ಟವಲನ್ನು ಮಡಿಸಿ ದಲ್ಲಾಳಿಯ ಹೆಗಲಿಗೆ ಹಾಕಿದ. ಮಂದೆ ಕಳೆದುಕೊಂಡಿದ್ದ ಕುರಿಗಾಹಿ ಮಾತ್ರ ಇನ್ನೂ ದೂರದಲ್ಲೇ ನಿಂತಿದ್ದ. ದಲ್ಲಾಳಿ ಅವನ ಬಳಿಗೆ ತಾನೇ ಹೋದ. ಏನು ಮಾತಾಡಿಕೊಂಡರೋ ನನಗೆ ಕೇಳಿಸಲಿಲ್ಲ. ಮರಳುವಾಗ ಕಂಕುಳಲ್ಲಿ ಅವನಿಂದ ಕೊಂಡ ಒಂದು ಮರಿ ಇತ್ತು. ಕಟ್ಟಲು ಹಗ್ಗವಿರಲಿಲ್ಲ. ಆಕೆ ಕೈಯಲ್ಲಿದ್ದ ಹುರಿಯನ್ನೇ ಮರಿಯ ಕೊರಳಿಗೆ ಕಟ್ಟಿದಳು.

ಸಂಜೆಗೆ ಮುಂಚೆ ಟ್ರಂಕು ಹೊರಿಸಿಕೊಂಡು ಬಸ್ ಸ್ಟ್ಯಾಂಡಿಗೆ ಬಂದಾಗ ಇಬ್ಬರೂ ಅಲ್ಲೇ ಇದ್ದರು. ಆಕೆ ಕಂಬಕ್ಕೆ ಒರಗಿ ನಿದ್ದೆ ಹೋಗಿದ್ದಳು. ಹುರಿಯ ತುದಿ ಅದೇ ಮುಂಗೈಗೆ, ಅದೇ ಗೆರೆಯ ಮೇಲೆ ಸುತ್ತಿತ್ತು. ಮರಿ ಅತ್ತಿತ್ತ ಹೋದಾಗ ಹುರಿ ಬಿಗಿಯಾಗುತ್ತಿತ್ತು, ಆಕೆ ಕಣ್ಣು ಬಿಡದೆಯೇ ಕೈಯನ್ನು ತನ್ನ ಕಡೆಗೆ ಜಗ್ಗಿಕೊಳ್ಳುತ್ತಿದ್ದಳು.

"ಬಸ್ ಬಂತು ಯಜಮಾನ್ರೆ, ಎಬ್ಬಿಸಿ," ಎಂದೆ.

ಆತ ಬಾಗಿ ಹುರಿಯ ಗಂಟನ್ನು ಆಕೆಯ ಮುಂಗೈಯಿಂದ ನಿಧಾನವಾಗಿ ಬಿಚ್ಚಿ ತನ್ನ ಕೈಗೆ ಸುತ್ತಿಕೊಂಡ.

"ಮಲಗ್ಲಿ ಬಿಡ್ರಿ," ಎಂದ. "ಇದು ಹೋದ್ರೆ ಇನ್ನೊಂದು ಬರ್ತೈತೆ."